ಹಸಿರು ವಸ್ತ್ರದ ಹಳದಿ ತೇಪೆ

ನಮ್ಮ ಬೀದಿಯ ಪ್ರಾರ್ಥನಾ ಮಂದಿರದ ಹೊರಗೆ, ಬಾಗಿಲಿನ ಎಡಕ್ಕೆ ಒಂದು ಕಲ್ಲಿನ ಮೆಟ್ಟಿಲಿದೆ. ಅಣ್ಣ ಬದುಕಿರುವವರೆಗೆ ಅದು ಅವನ ಜಾಗವಾಗಿತ್ತು. ಪ್ರತಿ ವರ್ಷ ಕೃತಜ್ಞತೆಯ ದಿನದಂದು ಬೀದಿಯವರೆಲ್ಲ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಗಾಜಿನ ಪೆಟ್ಟಿಗೆಯಿಂದ ಅಂದು ಹೊರತೆಗೆಯುವ ಹಸಿರು ವಸ್ತ್ರವನ್ನು ಕಣ್ಣಿಗೊತ್ತಿಕೊಂಡು ಬರುತ್ತಿದ್ದರು. ಅಣ್ಣ ಮಾತ್ರ ಹೊರಗೆ ಕುಳಿತು ಚಪ್ಪಲಿ ಕಾಯುತ್ತಿದ್ದ.

"ಒಳಗೆ ಬಾರಯ್ಯ, ನೀನಿಲ್ಲದಿದ್ರೆ ಈ ದಿನವೇ ಇರ್ತಿರಲಿಲ್ಲ," ಎಂದು ಮಂದಿರದ ಹಿರಿಯರು ಕೈಹಿಡಿದು ಎಳೆಯುತ್ತಿದ್ದರು.

"ನಾನೂ ಬಂದ್ರೆ ಚಪ್ಪಲಿ ಯಾರು ನೋಡ್ಕೋತಾರೆ? ಹೋದ ಸಲ ನಾನು ಸ್ವಲ್ಪ ಎದ್ದಾಗ ನಿಮ್ಮ ಎಡಗಾಲಿಂದು ನಾಯಿ ಎತ್ಕೊಂಡು ಹೋಗಿ, ನೀವು ಕುಂಟ್ಕೊಂಡು ಮನೆಗೆ ಹೋಗಿರಲಿಲ್ವಾ?" ಎಂದು ಅಣ್ಣ ಕೈ ಬಿಡಿಸಿಕೊಳ್ಳುತ್ತಿದ್ದ.

ಎಲ್ಲರೂ ನಗುತ್ತಿದ್ದರು. ಇಷ್ಟು ವಿನಯವಿರುವ ಮನುಷ್ಯನನ್ನು ಎಲ್ಲೂ ಕಂಡಿಲ್ಲ ಎನ್ನುತ್ತಾ ಒಳಗೆ ಹೋಗುತ್ತಿದ್ದರು. ನಾನೂ ಹಾಗೆಯೇ ಹೇಳಿಕೊಂಡು ಹೆಮ್ಮೆಪಟ್ಟಿದ್ದೇನೆ.

ಅವನು ತೀರಿಕೊಂಡು ಎರಡು ತಿಂಗಳಾಗಿತ್ತು. ತಾಯಿ ಸತ್ತಾಗ ನಾನು ಇನ್ನೂ ನಡೆಯಲು ಕಲಿಯುತ್ತಿದ್ದೆ. ನನ್ನನ್ನು ಸಾಕಿದವನು, ಓದಿಸಿ ಶಾಲೆಯ ಮೇಷ್ಟ್ರನ್ನಾಗಿ ಮಾಡಿದವನು ಅಣ್ಣ. ನಾನು ಮದುವೆಯಾಗಲಿಲ್ಲ, ಅವನ ಮನೆಯನ್ನು ಬಿಟ್ಟು ಬೇರೆ ಮನೆ ಮಾಡಲೂ ಇಲ್ಲ. ಊಟಕ್ಕೆ ಕುಳಿತಾಗ ಅವನ ಮಣೆ ಇರುತ್ತಿದ್ದ ಕಡೆಗೆ ನೋಡದೆ ಊಟ ಮುಗಿಸುವುದು ನನಗೆ ಇನ್ನೂ ಬಂದಿರಲಿಲ್ಲ. ಈ ವರ್ಷದ ಕೃತಜ್ಞತೆಯ ದಿನ ಅವನ ಭಾವಚಿತ್ರವನ್ನು ವಸ್ತ್ರದ ಪಕ್ಕದಲ್ಲಿ ತೂಗುಹಾಕಬೇಕೆಂದು ಹಿರಿಯರು ನಿಶ್ಚಯಿಸಿದ್ದರು. ಮಂದಿರದಲ್ಲಿ ಪಠಣ ಮಾಡುವವನು ನಾನು, ಪೆಟ್ಟಿಗೆಯ ಬೀಗದ ಕೈಯೂ ನನ್ನ ಹತ್ತಿರವೇ ಇರುವುದು. ಚಿತ್ರದ ಮುಂದೆ ನಿಂತು ನಾಲ್ಕು ಮಾತು ಹೇಳುವ ಕೆಲಸವೂ ನನ್ನ ಪಾಲಿಗೆ ಬಂತು. ಅಣ್ಣನ ಹೆಸರು ಆ ಗೋಡೆಯ ಮೇಲೆ ಉಳಿಯುವುದನ್ನು ನೋಡಿ ಕಣ್ಣು ಮುಚ್ಚಿದರೆ ಸಾಕು, ಬೇರೇನೂ ಬೇಡ ಎಂದು ದೇವರಲ್ಲಿ ಬೇಡಿಕೊಂಡಿದ್ದೆ.

ಆ ವಸ್ತ್ರದ ಕತೆಯನ್ನು ಹೇಳಬೇಕು. ನನಗೆ ಹದಿನೇಳು ವರ್ಷವಾಗಿದ್ದಾಗ ಊರಿಗೆ ವಾಂತಿಭೇದಿ ಬಂತು. ನಮ್ಮದು ಗಿರಣಿ ಕೆಲಸಗಾರರ ಬೀದಿ. ಮನೆಗೊಬ್ಬರು ಮಲಗಿದರು. ಮಂದಿರದಲ್ಲಿ ಎಡೆಬಿಡದೆ ಪ್ರಾರ್ಥನೆ ನಡೆಯಿತು. ನಾವು ದೇವರನ್ನು ಬಿಟ್ಟು ಬೇರೆ ಯಾರನ್ನೂ ಕೇಳಲಿಲ್ಲ ಎಂಬುದು ನಮ್ಮ ಬೀದಿಯ ದೊಡ್ಡ ಹೆಮ್ಮೆ. ಒಂದು ಬೆಳಿಗ್ಗೆ, ಯಾರೂ ಕರೆಯದ ಒಂದು ಲಾರಿ ಬೀದಿಗೆ ಬಂತು. ಅದರಲ್ಲಿ ಒಬ್ಬ ಡಾಕ್ಟರಮ್ಮ, ದಾದಿಯರು, ಪೆಟ್ಟಿಗೆಗಟ್ಟಲೆ ಸಲೈನ್ ಬಾಟಲಿಗಳು. ಲಾರಿಯ ಮೂತಿಗೆ ಒಂದು ಹಸಿರು ವಸ್ತ್ರ ಕಟ್ಟಿತ್ತು. ಅಣ್ಣ ಆಗ ಕೂಡುರಸ್ತೆಯ ಸುಂಕದ ಗೇಟಿನಲ್ಲಿ ಕೆಲಸಕ್ಕಿದ್ದ. ಲಾರಿಯ ಮುಂದೆ ಮುಂದೆ ಓಡುತ್ತಾ ಅವನೇ ಅದನ್ನು ಮಂದಿರದ ಅಂಗಳಕ್ಕೆ ಕರೆತಂದ. ಮೊದಲ ಬಾಟಲಿಯನ್ನು ಏರಿಸಿದ್ದು ನನಗೆ. ಅಷ್ಟು ಹೊತ್ತಿಗೆ ನನಗೆ ಪ್ರಜ್ಞೆ ಇರಲಿಲ್ಲ. ಆಮೇಲೆ ನಮ್ಮ ಬೀದಿಯಲ್ಲಿ ಸತ್ತವರು ಬಹಳ ಕಡಿಮೆ.

ಲಾರಿ ಹೊರಟು ನಿಂತಾಗ ಮುದುಕಿಯೊಬ್ಬಳು ನೆನಪಿಗೆಂದು ಆ ವಸ್ತ್ರವನ್ನು ಬೇಡಿದಳಂತೆ. "ತಗೊಳ್ಳಿ ತಾಯಿ, ಯಾರೋ ಕಟ್ಟಿದ್ದು," ಎಂದು ಚಾಲಕ ಬಿಚ್ಚಿಕೊಟ್ಟನಂತೆ. ಆ ಯಾರೋ ದೇವರಲ್ಲದೆ ಬೇರೆ ಯಾರೂ ಅಲ್ಲ ಎಂದು ನಾವು ಭಾವಿಸಿದೆವು. ವಸ್ತ್ರದ ಒಂದು ಮೂಲೆಯಲ್ಲಿ ಕೆಂಪು ದಾರದಿಂದ ಹೊಲಿದ ಹಳದಿ ತೇಪೆಯಿತ್ತು. ಅದಕ್ಕೆ ನಾನೇ ಎಷ್ಟೋ ವರ್ಷ ಅರ್ಥ ಹೇಳಿದ್ದೇನೆ: ಹಸಿರೆಂದರೆ ಭೂಮಿ, ಹಳದಿಯೆಂದರೆ ಅದರ ಮೇಲೆ ಬಿದ್ದ ಕರುಣೆಯ ಬೆಳಕು, ಕೆಂಪು ದಾರವೆಂದರೆ ಎರಡನ್ನೂ ಹಿಡಿದಿರುವ ನಮ್ಮ ಪ್ರಾಣ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಅಣ್ಣನನ್ನು ಯಾರಾದರೂ ಕೆದಕಿ ಕೇಳಿದರೆ, "ನಾನು ಕೈ ತೋರಿಸಿದೆ, ಗಾಡಿ ಬಂತು," ಎಂದಷ್ಟೇ ಹೇಳಿ ಎದ್ದು ಹೋಗುತ್ತಿದ್ದ.

ಅಣ್ಣನ ಮಗನ ಮಗಳು ಸಮಾಜಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಮಾತು ಬಂದಾಗಿನಿಂದ ಯಾಕೆ ಯಾಕೆ ಎಂದು ಕೇಳಿ ಎಲ್ಲರನ್ನೂ ಸುಸ್ತು ಮಾಡುತ್ತಿದ್ದುದರಿಂದ ಮನೆಯಲ್ಲಿ ಅವಳ ಹೆಸರು ಯಾಕಮ್ಮ ಎಂದೇ ನಿಂತುಹೋಯಿತು. ಅಜ್ಜನ ಸಾವಿಗೆ ಬಂದವಳು ಅಲ್ಲೇ ಉಳಿದು, ನಡುಮನೆಯ ಗೋಡೆಯ ತುಂಬ ರಟ್ಟಿನ ಚೀಟಿಗಳನ್ನು ಎರಡು ಸಾಲಾಗಿ ಅಂಟಿಸಿ, ನಡುವೆ ಮೇಲಿನಿಂದ ಕೆಳಗೆ ಒಂದು ಬಿಳಿ ದಾರ ಎಳೆದು ಕಟ್ಟಿದಳು.

"ಇದೇನಮ್ಮ, ಗೋಡೆಗೆ ಬೈತಲೆ ತೆಗೆದಿದ್ದೀಯಾ?" ಎಂದೆ.

"ಹೋಲಿಕೆ ಚಿಕ್ಕಜ್ಜ. ನಡೆದು ಹೋಗಿದ್ದನ್ನ ಮತ್ತೆ ನಡೆಸಿ ನೋಡೋಕಾಗಲ್ವಲ್ಲ. ನಮ್ಮ ಬೀದೀನ ಹಿಂದಕ್ಕೆ ಕರ್ಕೊಂಡು ಹೋಗಿ, ಈ ಸಲ ಲಾರಿ ಬರದಿದ್ರೆ ಏನಾಗುತ್ತೆ ನೋಡೋಣ ಅನ್ನೋಕಾಗುತ್ತಾ?"

"ಬಿಡ್ತು ಅನ್ನು."

"ಬಿಡ್ತು. ಅದಕ್ಕೇ ಎಲ್ಲದರಲ್ಲೂ ನಮ್ಮ ತರಾನೇ ಇದ್ದ ಇನ್ನೊಂದು ಬೀದಿ ಹುಡುಕ್ತೀವಿ. ಎಲ್ಲ ಒಂದೇ ತರ ಇರಬೇಕು, ಆದ್ರೆ ಕೊನೆಗೆ ಆಗಿದ್ದು ಮಾತ್ರ ಬೇರೆ ಇರಬೇಕು. ಆಮೇಲೆ ಒಂದೊಂದಾಗಿ ತೆಗೆದಿಡ್ತಾ ಹೋಗೋದು. ಎರಡೂ ಕಡೆ ಇದ್ದದ್ದೆಲ್ಲ ಹೊರಗೆ. ಒಂದೇ ಕಡೆ ಇದ್ದದ್ದು ಯಾವುದು ಉಳಿಯುತ್ತೋ ಅದನ್ನ ಹಿಡಿದು ಜಗ್ಗಿ ನೋಡೋದು."

ಅವಳು ಹುಡುಕಿದ್ದ ಇನ್ನೊಂದು ಬೀದಿ ಗುಡ್ಡದ ಆಚೆಯದು. ಸುಣ್ಣದ ಗೂಡಿನಲ್ಲಿ ದುಡಿಯುವವರ ಬೀದಿ. ಅದೇ ವರ್ಷ, ಅದೇ ಕಾಯಿಲೆ, ಅಂಥವೇ ಮನೆಗಳು, ಅಂಥದೇ ಸಂಬಳ, ನಮ್ಮ ಹಾಗೆಯೇ ಇಡೀ ಬೀದಿಗೆ ಒಂದು ಬಾವಿ. ಅಲ್ಲಿ ಮಾತ್ರ ಮನೆಮನೆಗಳೇ ಖಾಲಿಯಾದವು. ಆಸ್ಪತ್ರೆಯ ಹಳೆಯ ಕಾಗದಗಳೆಲ್ಲ ಎಂದೋ ನೀರು ನುಗ್ಗಿ ಹಾಳಾಗಿದ್ದವು. ಹಾಗಾಗಿ ಬದುಕಿರುವ ಮುದುಕರ ಬಾಯಿಂದಲೇ ಎಲ್ಲವನ್ನೂ ಕೇಳಿಕೊಳ್ಳಬೇಕಾಗಿತ್ತು.

"ಇಷ್ಟಕ್ಕೆ ಗೋಡೆ ಹಾಳು ಮಾಡ್ಬೇಕಿತ್ತಾ? ನನ್ನ ಕೇಳಿದ್ರೆ ಹೇಳ್ತಿದ್ದೆ. ನಾವು ಪ್ರಾರ್ಥನೆ ಮಾಡಿದ್ವಿ, ದೇವರು ಕೇಳಿದ," ಎಂದೆ.

ಅವಳು ಎರಡು ಸಾಲುಗಳಲ್ಲೂ ಒಂದೇ ಎತ್ತರದಲ್ಲಿದ್ದ ಎರಡು ಚೀಟಿಗಳ ಮೇಲೆ ಬೆರಳಿಟ್ಟಳು. ಎರಡರ ಬಣ್ಣವೂ ಒಂದೇ ಆಗಿತ್ತು.

"ಅವರೂ ಮಾಡಿದ್ರು ಚಿಕ್ಕಜ್ಜ. ನಮಗಿಂತ ಹೆಚ್ಚು ದಿನ ಮಾಡಿದ್ರು."

ಕೆಳಗಿನ ಮೆಟ್ಟಿಲು ಇದೆಯೆಂದು ಕಾಲಿಟ್ಟು, ಅದು ಇಲ್ಲದೆ ಹೋದಾಗ ಎದೆ ಧಸಕ್ಕೆನ್ನುತ್ತದಲ್ಲ, ನನಗೆ ಹಾಗಾಯಿತು. ಇಷ್ಟು ವರ್ಷ ನಾನು ಆ ಬೀದಿಯವರ ಬಗ್ಗೆ ಯೋಚಿಸಿದ್ದುಂಟು. ಪಾಪ, ಅವರಿಗೆ ಯಾರೂ ಬರಲಿಲ್ಲವಲ್ಲ ಎಂದು ಮರುಗಿದ್ದೂ ಉಂಟು. ಅವರ ಮಂದಿರದಲ್ಲೂ ಆ ದಿನಗಳಲ್ಲಿ ಮೊಣಕಾಲೂರಿದವರಿದ್ದರು ಎಂಬುದು ಮಾತ್ರ ಒಮ್ಮೆಯೂ ನನ್ನ ತಲೆಗೆ ಹೊಳೆದಿರಲಿಲ್ಲ.

ಅಡುಗೆಮನೆಯಿಂದ ಅತ್ತಿಗೆ ಕೂಗಿದರು. "ಏ ಯಾಕಮ್ಮ, ಮೇಷ್ಟ್ರ ತಲೆ ತಿನ್ನಬೇಡ. ಲೋಕದಲ್ಲಿ ನಿಂಗೆ ಬೇರೆ ಬೀದಿ ಸಿಗಲಿಲ್ವಾ? ಆ ಸುಣ್ಣದವರ ತಂಟೆ ಯಾಕೆ?"

"ಹತ್ತಿರ ಇದೆ ಅಜ್ಜಿ, ಬಸ್ಸಿಗೆ ಜಾಸ್ತಿ ಖರ್ಚಿಲ್ಲ," ಎಂದು ಇವಳು ನಕ್ಕಳು. ಅತ್ತಿಗೆ ನಗಲಿಲ್ಲ. ಅದನ್ನು ನಾನು ಆಗ ಗಮನಿಸಿದೆನೇ ಹೊರತು, ಯಾಕೆಂದು ಕೇಳಿಕೊಳ್ಳಲಿಲ್ಲ.

ನನ್ನ ಮುಖ ನೋಡಿ ಹುಡುಗಿಗೆ ಕನಿಕರವಾಯಿತೆಂದು ಕಾಣುತ್ತದೆ. ಹತ್ತಿರ ಕುಳಿತು ಹೇಳಿದಳು. "ನಾನು ಎಲ್ಲ ತೆಗೆದಿಟ್ಟು ನೋಡಿದೆ. ಕೊನೆಗೆ ಉಳಿಯೋದು ಒಂದೇ. ನಮ್ಮ ಬೀದೀಲಿ ಅಜ್ಜ ಇದ್ದ. ಗೇಟಲ್ಲಿ ಕೆಲಸ, ಹೋಗಿ ಬರೋ ಅಧಿಕಾರಿಗಳ ಪರಿಚಯ. ಯಾರಿಗೂ ಹೇಳದೆ ಅವನೇ ಯಾರನ್ನೋ ಹಿಡಿದು ಲಾರಿ ಕರೆಸಿರಬೇಕು. ಎರಡು ಬೀದಿಗೂ ಇರೋ ವ್ಯತ್ಯಾಸ ಅಜ್ಜ. ನನ್ನ ಪ್ರಬಂಧದ ನಡುಗಂಬ ಅದೇ."

ನನ್ನ ಜೀವಕ್ಕೆ ತಂಪಾಯಿತು. ದೇವರು ಯಾರ ಕೈಯಿಂದಲಾದರೂ ಕೆಲಸ ಮಾಡಿಸಬೇಕಲ್ಲ, ಅಣ್ಣನ ಕೈಯಿಂದ ಮಾಡಿಸಿದ. ಭಾವಚಿತ್ರದ ಮುಂದೆ ಹೇಳಬೇಕಾದ ನಾಲ್ಕು ಮಾತು ನನಗೆ ಸಿಕ್ಕಿತೆಂದುಕೊಂಡೆ.

ಆ ವಾರವೇ ಯಾಕಮ್ಮ ನನ್ನನ್ನು ಗುಡ್ಡದ ಆಚೆಗೆ ಕರೆದುಕೊಂಡು ಹೋದಳು. "ಅಲ್ಲೊಬ್ಬ ಅಜ್ಜಿ ಇದ್ದಾಳೆ. ನಾನೊಬ್ಳೇ ಹೋದ್ರೆ ಬರೀ ನನ್ನ ಮದುವೆ ವಿಷಯ ಕೇಳ್ತಾಳೆ. ನೀನು ಬಂದ್ರೆ ಹಳೇ ಮಾತು ಆಡ್ತಾಳೆ," ಎಂದಳು.

ಸುಣ್ಣದ ಗೂಡು ಈಗ ಉರಿಯುತ್ತಿಲ್ಲ. ಅದರ ಮೊಂಡು ಗೋಪುರದ ಮೇಲೆ ಗಿಡ ಬೆಳೆದಿದೆ. ಆದರೂ ಬೀದಿಯ ಕಿಟಕಿಗಳ ಅಂಚಿನಲ್ಲಿ, ಬಾಗಿಲ ಸಂದಿನಲ್ಲಿ ಬಿಳಿಯ ಪುಡಿ ಇನ್ನೂ ಉಳಿದಿತ್ತು. ಎಲ್ಲರೂ ಗೂಡಜ್ಜಿ ಎಂದು ಕರೆಯುವ ಆ ಮುದುಕಿಯ ಮನೆ ಕೊನೆಯದು. ಒಂದೇ ಕೋಣೆ, ಒಂದು ಮಂಚ, ಗೋಡೆಗೆ ಒರಗಿಸಿದ ಎರಡು ಕುರ್ಚಿ. ನೆಲವನ್ನು ಎಷ್ಟು ಉಜ್ಜಿದ್ದಳೆಂದರೆ ಕಾಲಿಡಲು ಸಂಕೋಚವಾಯಿತು.

ಯಾಕಮ್ಮ ಧ್ವನಿಮುದ್ರಣಕ್ಕೆ ಫೋನನ್ನು ಮಂಚದ ಮೇಲಿಟ್ಟಳು. ಗೂಡಜ್ಜಿ ಅದರ ಮೇಲೆ ಬಗ್ಗಿ, "ಇದರೊಳಗೆ ನನ್ನ ಕೆಮ್ಮೂ ಹೋಗುತ್ತೇನೇ?" ಎಂದಳು.

"ಎಲ್ಲ ಹೋಗುತ್ತೆ ಅಜ್ಜಿ."

"ಹಾಗಾದ್ರೆ ಚೆನ್ನಾಗಿ ಕೆಮ್ತೀನಿ. ನಿಮ್ಮ ಕಾಲೇಜಿನವರಿಗೆ ನನ್ನಿಂದ ಬೇರೇನು ಲಾಭ?" ಎಂದು, ನನ್ನ ಕಡೆ ತಿರುಗಿ, "ತಾವು ಯಾವ ಬೀದಿಯವರು?" ಎಂದು ಕೇಳಿದಳು.

"ಗಿರಣಿ ಬೀದಿ."

"ಓ, ದೇವರು ಬಂದಿಳಿದ ಬೀದಿ! ನಮ್ಮ ಕಡೆ ನಿಮಗೆ ಹಾಗೇ ಅನ್ನೋದು. ಪ್ರಾರ್ಥನೆಗೇ ಕಾಯಿಲೆ ನಿಂತುಹೋಯ್ತಂತಲ್ಲ ನಿಮ್ಮಲ್ಲಿ. ದೇವರಿಗೆ ನಿಮ್ಮ ಮನೆ ವಿಳಾಸ ಗೊತ್ತು, ನಮ್ಮದು ಗೊತ್ತಿಲ್ಲ ಅಂತ ನಮ್ಮವರು ನಗಾಡ್ತಿದ್ರು. ಕೂತ್ಕೊಳ್ಳಿ, ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಅದಕ್ಕೆ ನನ್ನ ಹಾಗೇ ಒಂದು ಕಾಲು ಗಟ್ಟಿ ಇಲ್ಲ."

ಆಮೇಲೆ ಅವಳು ಹೇಳತೊಡಗಿದಳು. ದನಿಯಲ್ಲಿ ಅಳು ಇರಲಿಲ್ಲ. ಎಷ್ಟೋ ಸಲ ಹೇಳಿ ನುಣುಪಾದ ಮಾತಿನ ಹಾಗಿತ್ತು.

"ನಾವು ಬರೀ ಪ್ರಾರ್ಥನೆ ಮಾಡ್ತಾ ಕೂರಲಿಲ್ಲ. ನನ್ನ ಗಂಡ ನಗರದ ಆಸ್ಪತ್ರೆಗೆ ನಡ್ಕೊಂಡೇ ಹೋದ. ಜೊತೆಗೆ ನನ್ನ ತಮ್ಮ. ಗಂಡನಿಗೆ ಆಗಲೇ ಹೊಟ್ಟೆ ಕೆಟ್ಟಿತ್ತು, ನನಗೆ ಹೇಳಲಿಲ್ಲ. ಬಿಸಿಲಿಗೆ ಇರಲಿ ಅಂತ ನನ್ನ ತಲೆವಸ್ತ್ರ ಕಟ್ಕೊಂಡು ಹೋದ. ಅಲ್ಲಿ ಡಾಕ್ಟರ ಕಾಲು ಹಿಡಿದು ಒಪ್ಪಿಸಿದ. ಲಾರಿಗೆ ಔಷಧ ತುಂಬಿದ್ರು. ಹೊರಡೋ ಹೊತ್ತಿಗೆ ಇವನೇ ಬಿದ್ದುಬಿಟ್ಟ, ಅಲ್ಲೇ ಮಲಗಿಸಿಕೊಂಡ್ರು. ಬೀಳೋಕೆ ಮುಂಚೆ ಆ ತಲೆವಸ್ತ್ರಾನ ಲಾರಿ ಮುಂದಕ್ಕೆ ಕಟ್ಟಿ, ನನ್ನ ತಮ್ಮನಿಗೆ ಹೇಳಿದನಂತೆ: ಒಳದಾರೀಲಿ ನೀನು ಮುಂಚೆ ಹೋಗಿ ಹೇಳು, ಹಸಿರು ಕಟ್ಟಿರೋ ಗಾಡಿ ನಮ್ಮದು, ಕಂಡ ಕೂಡ್ಲೆ ಓಡಿಬಂದು ಕರ್ಕೊಳ್ಳಿ ಅಂತ."

ಯಾಕಮ್ಮನ ಕೈಯಲ್ಲಿದ್ದ ಪೆನ್ನು ನಿಂತಿತು.

"ಓಡಾಡೋ ಶಕ್ತಿ ಇದ್ದ ಮಕ್ಕಳನ್ನೆಲ್ಲ ಗುಡ್ಡದ ಮೇಲೆ ಕೂರಿಸಿದ್ವಿ. ಹಸಿರು ಕಂಡ್ರೆ ಕೂಗಿ ಅಂದ್ವಿ. ಇಡೀ ದಿನ ಕೂತಿದ್ವು. ನನ್ನ ಮಗಳು ಒಳಗೆ ಮಲಗಿದ್ಲು, ಈ ಮಂಚದ ಮೇಲೇ. ಹಸಿರು ಬಂತಾ ಅಮ್ಮ, ಹಸಿರು ಬಂತಾ ಅಂತ ಕೇಳ್ತಾನೇ ಇದ್ಲು. ಬರುತ್ತೆ ಕಂದ ಅಂತಿದ್ದೆ. ಗಾಡಿ ದಾರೀಲಿ ಕೆಟ್ಟು ನಿಂತಿರಬೇಕು. ಗಂಡನೂ ವಾಪಸ್ ಬರಲಿಲ್ಲ, ಕೇಳೋಣ ಅಂದ್ರೆ."

ಲೋಕದಲ್ಲಿ ಹಸಿರು ಬಟ್ಟೆ ಒಂದೇ ಏನು ಎಂದು ಮನಸ್ಸಿಗೆ ಹೇಳಿಕೊಂಡೆ. ಯಾಕಮ್ಮ ನನ್ನ ಕಡೆ ನೋಡದೆ, ಬಹಳ ಮೆಲ್ಲಗೆ ಕೇಳಿದಳು. "ಬರೀ ಹಸಿರಾ ಅಜ್ಜಿ?"

"ಹಸಿರು. ಒಂದು ಮೂಲೆ ಗೂಡಿನ ಕೆಂಡ ಹಾರಿ ಸುಟ್ಟಿತ್ತು. ಅಲ್ಲಿಗೆ ಮಗಳ ಹಳೇ ಅಂಗಿಯ ತುಂಡು ಹಾಕಿ ತೇಪೆ ಹೊಲಿದಿದ್ದೆ. ಹಳದಿ. ಹಳದಿ ದಾರ ಇರಲಿಲ್ಲ, ಕೆಂಪು ದಾರದಲ್ಲೇ ಹೊಲಿದೆ. ನೋಡೋಕೆ ಚೆನ್ನಾಗಿಲ್ಲ ಅಂತ ಅವಳು ಮುನಿಸಿಕೊಂಡಿದ್ಲು."

ಭೂಮಿ, ಬೆಳಕು, ಪ್ರಾಣ. ಅಷ್ಟು ವರ್ಷ ನಾನು ತುಟಿ ತಾಗಿಸಿದ್ದು, ಕಣ್ಣಿಗೊತ್ತಿದ್ದು, ಬೋಧಿಸಿದ್ದು ಒಂದು ಮಗುವಿನ ಅಂಗಿಯ ತುಂಡನ್ನು. ಆ ಮಗು ಸತ್ತ ಮಂಚ ನನ್ನ ಮೊಣಕಾಲಿಗೆ ತಾಗುತ್ತಿತ್ತು.

"ಯಾಕೆ ಸ್ವಾಮಿ, ಮುಖದ ರಕ್ತ ಎಲ್ಲ ಇಳಿದುಹೋಯ್ತು? ನೀರು ಕೊಡ್ಲಾ?" ಎಂದು ಗೂಡಜ್ಜಿ ಏಳಲು ಹೋದಳು. ನಾನು ಕೈಮುಗಿದು ಹೊರಗೆ ಬಂದೆ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕುಳಿತೆವು. ಬಂದ ಬಸ್ಸನ್ನು ಹೋಗಲು ಬಿಟ್ಟೆವು.

"ಎರಡಲ್ಲ ಚಿಕ್ಕಜ್ಜ," ಎಂದಳು. "ನಾನು ಎರಡು ಅಂತ ಇಟ್ಕೊಂಡು ಹೋಲಿಸ್ತಾ ಇದ್ದೆ. ಹೋಲಿಸೋಕೆ ಮುಂಚೆ, ಒಂದರಿಂದ ಇನ್ನೊಂದಕ್ಕೆ ಏನಾದ್ರೂ ಹೋಗಿದೆಯಾ, ಬಂದಿದೆಯಾ ನೋಡ್ಬೇಕು. ಪುಸ್ತಕದಲ್ಲಿ ಮೊದಲೇ ಎಚ್ಚರಿಸ್ತಾರೆ. ನಡುವೆ ಗುಡ್ಡ ಇದೆಯಲ್ಲ ಅಂತ ನಾನು ನೋಡ್ಲೇ ಇಲ್ಲ. ಇಲ್ಲಿ ಬದುಕಿದ್ದೂ ಅಲ್ಲಿ ಸತ್ತಿದ್ದೂ ಬೇರೆ ಬೇರೆ ಅಲ್ಲ. ಒಂದೇ ಲಾರಿ."

"ಚಾಲಕನಿಗೆ ದಾರಿ ತಪ್ಪಿರಬಹುದು," ಎಂದೆ.

ಅವಳು ಗುಡ್ಡ ಇಳಿಯುವ ರಸ್ತೆಯನ್ನೇ ನೋಡುತ್ತಿದ್ದಳು.

"ತಪ್ಪಿರಬಹುದಲ್ವೇನೇ?"

"ಕೂಡುರಸ್ತೇಲಿ ಗೇಟಿತ್ತು ಚಿಕ್ಕಜ್ಜ. ಗೇಟಲ್ಲಿ ಅಜ್ಜ ಇದ್ದ."

ಮನೆಗೆ ಬಂದಾಗ ಅತ್ತಿಗೆ ಕಿಟಕಿಯ ಬೆಳಕಿನಲ್ಲಿ ಕುಳಿತು ಅಣ್ಣನ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದರು. ಯಾರಿಗಾದರೂ ಕೊಟ್ಟುಬಿಡುವ ಮೊದಲು ಸರಿಮಾಡಬೇಕೆಂಬುದು ಅವರ ಹಟ. ನಾನು ಚಪ್ಪಲಿ ಬಿಡುವುದನ್ನೂ ಮರೆತು ಅವರ ಮುಂದೆ ನಿಂತೆ.

"ಅತ್ತಿಗೆ, ಆ ಲಾರಿಯವನು ಗೇಟಿನಲ್ಲಿ ದಾರಿ ಕೇಳಿದನಾ?"

ಸೂಜಿ ಬಟ್ಟೆಯೊಳಗೇ ನಿಂತಿತು. "ಮೇಷ್ಟ್ರಿಗೆ ಈಗ ಕೇಳೋಕೆ ನೆನಪಾಯ್ತಾ?"

"ಕೇಳಿದನಾ ಹೇಳಿ."

"ಕೇಳಿದ. ಸುಣ್ಣದ ಗೂಡಿಗೆ ಯಾವ ಕಡೆ ಹೋಗ್ಬೇಕು ಅಂತ. ನಾನು ಅಲ್ಲೇ ನಿಂತಿದ್ದೆ. ಇವರು ಬಾಯಿ ಬಿಡಲಿಲ್ಲ. ಕೈ ಎತ್ತಿ ನಮ್ಮ ಬೀದಿ ಕಡೆ ತೋರಿಸಿದ್ರು."

ಅಣ್ಣ ಜೀವಮಾನವಿಡೀ ಒಂದೇ ಮಾತು ಹೇಳಿದ್ದ, ಅದೂ ನಿಜವನ್ನೇ. ಅದಕ್ಕೆ ಬಣ್ಣ ಕಟ್ಟಿದವರು ನಾವು.

"ನೀವಿದ್ದೂ... ನೀವಾದರೂ ಹೇಳಬಾರದಿತ್ತಾ?"

ಅತ್ತಿಗೆ ತಲೆಯೆತ್ತಿದರು. ಮೇಷ್ಟ್ರಾದ ಮೇಲೆ ಅವರು ನನ್ನನ್ನು ಏಕವಚನದಲ್ಲಿ ಕರೆದದ್ದೇ ಇಲ್ಲ. ಆ ದಿನ ಕರೆದರು.

"ನಾನು ಗೇಟಿಗೆ ಯಾಕೆ ಓಡಿದ್ದೆ ಗೊತ್ತಾ ನಿನಗೆ? ತಮ್ಮ ಹೋಗ್ತಾ ಇದ್ದಾನೆ, ಬಂದು ಮುಖ ನೋಡ್ಕೊಳ್ಳಿ ಅಂತ ಹೇಳೋಕೆ. ನಿನ್ನ ಕಣ್ಣು ಗುಳಿಗೆ ಬಿದ್ದು, ಕೈ ಮರಗಟ್ಟಿತ್ತು. ನಾನು ಹೆತ್ತಿಲ್ಲ ಅಷ್ಟೇ, ಸಾಕಿದ್ದು ಈ ಕೈ. ನಾನು ಆ ಮಾತು ಹೇಳಿ ಬಾಯಿ ಮುಚ್ಚಿರಲಿಲ್ಲ, ಲಾರಿ ಬಂದು ನಿಂತ್ಕೊಳ್ತು. ಆ ಮನುಷ್ಯ ನನ್ನ ಮುಖ ನೋಡಿದ್ರು, ಲಾರಿ ನೋಡಿದ್ರು. ನಾನು ಏನು ಹೇಳಬೇಕಿತ್ತು, ನೀನೇ ಹೇಳು. ಬೇಡ, ಅತ್ತ ಕಳಿಸಿ ಅನ್ನಬೇಕಿತ್ತಾ?"

ಯಾಕಮ್ಮ ಬಾಗಿಲಲ್ಲೇ ನಿಂತಿದ್ದಳು.

"ನೀನು ಕಣ್ಣು ಬಿಟ್ಟ ಕೂಡ್ಲೆ ಗಾಡೀನ ಅಲ್ಲಿಗೆ ಕಳಿಸ್ತೀನಿ ಅಂದ್ರು. ನೀನು ಕಣ್ಣು ಬಿಡೋ ಹೊತ್ತಿಗೆ ಅಂಗಳದ ತುಂಬ ಜನ ಮಲಗಿದ್ರು. ಪಕ್ಕದ ಮನೆ ಮಗು, ಎದುರು ಮನೆ ಬಸುರಿ. ಯಾರ ಕೈಯಿಂದ ಸೂಜಿ ಕಿತ್ತು ಕಳಿಸೋದು? ಆಮೇಲೆ ಅಲ್ಲಿಂದ ಸುದ್ದಿ ಬಂತು, ಕಳಿಸಿ ಪ್ರಯೋಜನ ಇಲ್ಲ ಅಂತ. ನೀವೆಲ್ಲ ಸೇರಿ ಆ ಬಟ್ಟೇನ ಗಾಜಿನ ಪೆಟ್ಟಿಗೇಲಿ ಇಟ್ರಿ. ಅವರು ಹೋಗಿ ಹೊರಗೆ ಮೆಟ್ಟಿಲ ಮೇಲೆ ಕೂತ್ರು. ಅಷ್ಟೇ ನಡೆದಿದ್ದು."

ಅವರು ಮತ್ತೆ ಸೂಜಿಯನ್ನೆತ್ತಿದರು. ದಾರ ಸೂಜಿಕಣ್ಣಿನಿಂದ ಜಾರಿಹೋಗಿತ್ತು. ಪೋಣಿಸಲು ನೋಡಿ ನೋಡಿ ಆಗದೆ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡರು.

ಸಂಜೆ ನನ್ನ ಕೋಣೆಯಲ್ಲಿ ಮೊಣಕಾಲೂರಿದೆ. ಬುದ್ಧಿ ಬಂದಾಗಿನಿಂದ ಒಂದು ದಿನವೂ ತಪ್ಪದ ಪ್ರಾರ್ಥನೆ. "ನನ್ನನ್ನು ಉಳಿಸಿದ ದೇವರೇ" ಎಂದು ಆರಂಭವಾಗುವಂಥದು. ಆ ಮೊದಲ ಮಾತಿಗೇ ನಿಂತುಬಿಟ್ಟೆ. ನಾನು ಉಳಿದದ್ದು ಸುಳ್ಳಲ್ಲ. ಅಣ್ಣ ನನ್ನನ್ನು ಪ್ರೀತಿಸಿದ್ದು ಸುಳ್ಳಲ್ಲ. ಆದರೆ ಆ ಬೆಳಿಗ್ಗೆ ಗುಡ್ಡದ ಆಚೆ, ಹಸಿರು ಬಂತಾ ಎಂದು ಕೇಳುತ್ತಿದ್ದ ಮಗುವಿನ ದನಿಯೂ ಅದೇ ದೇವರ ಕಿವಿಗೆ ಬೀಳುತ್ತಿತ್ತಲ್ಲ. ಅಣ್ಣನ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ಎಲ್ಲರೂ ಒಳಗೆ ಹಾಡುತ್ತಿರುವಾಗ ಮೆಟ್ಟಿಲ ಮೇಲೆ ಕುಳಿತು ಅಷ್ಟು ಚಪ್ಪಲಿಗಳನ್ನು ನೋಡುತ್ತಿದ್ದ ಅವನ ಬಗ್ಗಿದ ಬೆನ್ನು ಕಣ್ಮುಂದೆ ಬಂತು. ಅವನು ಸತ್ತ ದಿನಕ್ಕಿಂತ ಹೆಚ್ಚಾಗಿ ಆ ಸಂಜೆ ಅತ್ತೆ.

ಬೆಳಿಗ್ಗೆ ನಡುಮನೆಗೆ ಬಂದರೆ ಗೋಡೆಯ ನಡುವಿನ ಬಿಳಿ ದಾರ ಇರಲಿಲ್ಲ. ಯಾಕಮ್ಮ ಅದನ್ನು ಬಿಚ್ಚಿ ಉಂಡೆ ಸುತ್ತಿ ಕೈಯಲ್ಲಿ ಹಿಡಿದುಕೊಂಡಿದ್ದಳು.

"ನನ್ನ ಪ್ರಬಂಧ ನೋಡೋ ಮೇಡಂಗೆ ಫೋನ್ ಮಾಡಿದ್ದೆ. ಎರಡು ಬೀದಿಯ ಕತೆ ಬಿಡು, ಒಂದು ಕೂಡುರಸ್ತೆಯ ಕತೆ ಬರಿ ಅಂದ್ರು. ಬರೆದ್ರೆ ಅಜ್ಜನ ಕೈ ಬರುತ್ತೆ ಚಿಕ್ಕಜ್ಜ. ಹೆಸರು ಹಾಕದಿದ್ರೂ ಊರಿಗೆಲ್ಲ ಗೊತ್ತಾಗುತ್ತೆ. ನೀನು ಬೇಡ ಅಂದ್ರೆ ಬರೆಯಲ್ಲ."

"ಕಾಲೇಜಿನ ಮಾತು ಆಮೇಲೆ," ಎಂದೆ. "ಕೇಳಬೇಕಾದವಳು ಬೇರೆ ಇದ್ದಾಳೆ."

ಮಂದಿರಕ್ಕೆ ಹೋಗಿ ಬೀಗ ತೆಗೆದೆ. ವಸ್ತ್ರವನ್ನು ಮಡಿಸುವಾಗ, ಎಂದಿನ ಅಭ್ಯಾಸದಂತೆ ಕಣ್ಣಿನವರೆಗೆ ಎತ್ತಿದ ಕೈ ಅಲ್ಲೇ ನಿಂತುಹೋಯಿತು.

ಯಾಕಮ್ಮನೊಂದಿಗೆ ಗುಡ್ಡದ ಆಚೆಗೆ ಹೋದಾಗ ಗೂಡಜ್ಜಿ ಹೊರಗೆ ಬಿಸಿಲಿಗೆ ಕುಳಿತಿದ್ದಳು. "ಏನು ಸ್ವಾಮಿ, ನಿನ್ನೆ ಕುಡಿಯದೆ ಹೋದ ನೀರು ಕುಡಿಯೋಕೆ ಬಂದ್ರಾ?" ಎಂದು ನಕ್ಕವಳು, ನಾನು ಮಡಿಕೆ ಬಿಚ್ಚಿದಾಗ ನಗುವನ್ನು ಅಲ್ಲಿಯೇ ಬಿಟ್ಟಳು. ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಬೆರಳಿನಿಂದ ಹಳದಿ ತೇಪೆಯ ಅಂಚನ್ನು ಸವರಿದಳು. ಕೆಂಪು ಹೊಲಿಗೆಗಳನ್ನು ಒಂದೊಂದಾಗಿ ಉಗುರಿನಿಂದ ತಡವಿದಳು.

ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಏನನ್ನೂ ಬಿಡಲಿಲ್ಲ.

"ಆ ಗೇಟಿನವನು ಇದ್ದಾನಾ?"

"ಎರಡು ತಿಂಗಳಾಯ್ತು ಹೋಗಿ."

"ಹಾಗಾದ್ರೆ ಬೈಯೋಕೂ ಯಾರೂ ಉಳಿಲಿಲ್ಲ."

"ನನ್ನನ್ನ ಬೈಯಿರಿ ತಾಯಿ. ಮೊದಲ ಬಾಟಲಿ ನನಗೆ ಹಾಕಿದ್ದು."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನನ್ನ ಬಿಳಿಗೂದಲು, ಊರುಗೋಲು, ಹಲ್ಲಿಲ್ಲದ ಬಾಯಿ. ಇಷ್ಟು ವರ್ಷ ಬದುಕಿ ಹೀಗಾದೆ ಎಂದು ತೋರಿಸಲು ನನ್ನ ಹತ್ತಿರ ಬೇರೇನೂ ಇರಲಿಲ್ಲ.

"ಒಳಗೆ ಎಲ್ಲೋ ಬ್ಲೇಡ್ ಇದೆ, ತಗೊಂಡು ಬಾರೇ ಹುಡುಗಿ," ಎಂದಳು.

ಯಾಕಮ್ಮ ಒಳಗೆ ಹೋಗಿ ಹುಡುಕಿ ತಂದುಕೊಟ್ಟಳು. ಗೂಡಜ್ಜಿ ವಸ್ತ್ರವನ್ನು ಮೊಣಕಾಲ ಮೇಲೆ ಹಾಸಿಕೊಂಡು, ತನ್ನ ಹೊಲಿಗೆಯನ್ನು ತಾನೇ ಬಿಚ್ಚತೊಡಗಿದಳು. ಅವಸರ ಮಾಡಲಿಲ್ಲ. ಕೊನೆಯ ಹೊಲಿಗೆ ಬಿಟ್ಟಾಗ ಹಳದಿ ತುಂಡು ಅವಳ ಅಂಗೈಗೆ ಬಿತ್ತು. ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು, ಉಳಿದ ವಸ್ತ್ರವನ್ನು ನನ್ನ ಕಡೆಗೆ ತಳ್ಳಿದಳು. ಮೂಲೆಯಲ್ಲಿ ಸುಟ್ಟ ತೂತು ಕಂಡಿತು, ಅಂಚು ಕಪ್ಪಗೆ.

"ತಗೊಂಡು ಹೋಗಿ, ಎಲ್ಲಿತ್ತೋ ಅಲ್ಲೇ ಇಡಿ. ನಿಮಗೆ ಅದು ಕೆಲಸಕ್ಕೆ ಬಂದಿದೆ. ಆದ್ರೆ ತೂತು ಮುಚ್ಚಬೇಡಿ."

ಕೃತಜ್ಞತೆಯ ದಿನ ಮಂದಿರ ತುಂಬಿತ್ತು. ಅಣ್ಣನ ಭಾವಚಿತ್ರ ಗೋಡೆಗೆ ಒರಗಿಸಿ, ಮೊಳೆ ಹೊಡೆಯಲು ಕಾದಿತ್ತು. ನಾನು ಚಿತ್ರದ ಪಕ್ಕದಲ್ಲಿ ನಿಂತು ವಸ್ತ್ರವನ್ನು ಬಿಡಿಸಿ ಎರಡು ಕೈಯಲ್ಲೂ ಎತ್ತಿ ಹಿಡಿದೆ. ತೇಪೆ ಇರಬೇಕಾದ ಕಡೆ ಕಿಟಕಿಯ ಬೆಳಕು ನೇರವಾಗಿ ತೂರಿ ಬಂತು. ಮುಂದಿನ ಸಾಲಿನವರು ಹಾ ಎಂದು ಉಸಿರೆಳೆದದ್ದು ಕೇಳಿಸಿತು.

"ಆ ಲಾರಿ ನಮಗೆ ಬಂದದ್ದಲ್ಲ," ಎಂದು ಆರಂಭಿಸಿದೆ. ಗೇಟು, ಚಾಲಕನ ಪ್ರಶ್ನೆ, ಅಣ್ಣನ ಕೈ, ಗುಡ್ಡದ ಮೇಲೆ ಕುಳಿತ ಮಕ್ಕಳು. ಮುಗಿಸುವಷ್ಟರಲ್ಲಿ ಹಿರಿಯರು ಎದ್ದು ನಿಂತಿದ್ದರು. ಅವರ ಮುಖ ಕೆಂಪಾಗಿತ್ತು.

"ಮೇಷ್ಟ್ರೇ, ಅಣ್ಣ ಹೋದ ದುಃಖದಲ್ಲಿ ನಿಮಗೆ ತಲೆ ಕೆಟ್ಟಿದೆ. ದೇವರಂಥ ಮನುಷ್ಯನ ಮೇಲೆ ಎಂಥ ಮಾತು ಆಡ್ತಿದ್ದೀರಿ? ಇದನ್ನ ಕಂಡವರು ಯಾರಾದ್ರೂ ಇದ್ದಾರಾ?"

ಆಗ ಹಿಂದಿನ ಸಾಲಿನಲ್ಲಿ, ಮೊಮ್ಮಗಳ ಭುಜ ಹಿಡಿದು ಅತ್ತಿಗೆ ಎದ್ದು ನಿಂತರು.

"ನಾನಿದ್ದೀನಿ," ಎಂದರು. "ನಾನು ಅಲ್ಲೇ ನಿಂತಿದ್ದೆ."